ತುಂಬು ಹಾಜರಿ

ಆ ನಗು ಸುಕನ್ಯಳ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. ಸಂಕ್ರಾಂತಿಗೆ ಮುಂಚಿನ ಮಾತು. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಟ್ರ್ಯಾಕ್ಟರ್ ಸೀಟುಗಳಿಗೆ ಹೊದಿಕೆ ಹೊಲಿಯುವ ಕಾರ್ಖಾನೆ. ನಾನೂರು ಜನ, ಅದರಲ್ಲಿ ಮುನ್ನೂರಕ್ಕೂ ಮೇಲೆ ಹೆಂಗಸರು. ಊಟದ ಹಾಲ್‌ನಲ್ಲಿ ಕಾರ್ಮಿಕರ ಕಮಿಟಿ ಸೇರಿತ್ತು. ಎರಡನೇ ಹೊಲಿಗೆ ಲೈನಿನ ರಾಧಾಮಣಿ ಎದ್ದು ನಿಂತು, ಒಂದು ದಿನದ ಜ್ವರಕ್ಕೂ ಡಾಕ್ಟರ ಚೀಟಿ ಕೇಳುವುದು ನ್ಯಾಯವಲ್ಲ, ಮೂರು ದಿನದವರೆಗೆ ಬಾಯಿಮಾತಿನ ಮೇಲೆಯೇ ರಜೆ ಕೊಡಬೇಕು ಎಂದಳು. ಹಾಗೆ ಕೊಟ್ಟರೆ ನಾಳೆ ಅರ್ಧ ಲೈನು ಖಾಲಿ ಇರುತ್ತದೆ ಎಂದು ಸುಕನ್ಯ ಹೇಳಿದಳು. ಸಿಬ್ಬಂದಿಯ ಹಾಜರಿ, ರಜೆ ಎಲ್ಲ ಅವಳ ಕೈಯಲ್ಲೇ ಇದ್ದದ್ದು. ಹೇಳುವ ಹಕ್ಕು ಅವಳಿಗಿತ್ತು.

"ಮೇಡಮ್‌ಗೇನು ಬಿಡಿ ಸರ್," ಎಂದಳು ರಾಧಾಮಣಿ ಮ್ಯಾನೇಜರ್ ಕಡೆ ತಿರುಗಿ. "ಕಾಯ್ಲೆಗೇ ಅವರನ್ನ ಕಂಡ್ರೆ ಭಯ. ಗೇಟತ್ರ ಬಂದು ವಾಪಸ್ ಓಗ್ತದೆ."

ಇಡೀ ಹಾಲ್ ನಕ್ಕಿತು. ಹಿಂದಿನ ಸಾಲಿನಿಂದ ಯಾರದೋ ದನಿ, "ಅವರ ಯಜಮಾನ್ರು ತೀರ್ಕೊಂಡಿದ್ದೂ ದಸರಾ ರಜೆ ನೋಡ್ಕೊಂಡೇ ಅಲ್ವಾ," ಎಂದಿತು. ನಗು ಇನ್ನೂ ಜೋರಾಯಿತು. ಮ್ಯಾನೇಜರ್ ವಿಶ್ವನಾಥ್ ಕರ್ಚೀಫಿನಲ್ಲಿ ಬಾಯಿ ಒರೆಸಿಕೊಳ್ಳುವ ನೆಪ ಮಾಡಿದ್ದನ್ನು ಸುಕನ್ಯ ನೋಡಿದಳು.

ಹತ್ತೊಂಬತ್ತು ವರ್ಷದಲ್ಲಿ ಅವಳು ಒಂದು ದಿನವೂ ರಜೆ ಹಾಕಿರಲಿಲ್ಲ. ಪ್ರತಿ ಆಗಸ್ಟ್ ಹದಿನೈದಕ್ಕೆ ತುಂಬು ಹಾಜರಿಗೆಂದು ಕಾರ್ಖಾನೆಯವರು ಒಂದು ಸ್ಟೀಲ್ ಪಾತ್ರೆ ಕೊಡುತ್ತಿದ್ದರು. ಡಬ್ಬಿ, ಕೊಳಗ, ಜಗ್ಗು, ಅನ್ನ ಬಸಿಯುವ ತಟ್ಟೆ, ಹೀಗೆ ಹತ್ತೊಂಬತ್ತು ಪಾತ್ರೆಗಳು ಬಂಗಾರಪೇಟೆಯ ಮನೆಯ ಅಟ್ಟದ ಮೇಲೆ ಹೊಳೆಯುತ್ತಾ ಕೂತಿದ್ದವು. ಒಂದರಲ್ಲೂ ಯಾರೂ ಉಂಡಿರಲಿಲ್ಲ. ಎಂಟನೆಯ ವರ್ಷದ ಪಾತ್ರೆಯನ್ನು ಮಾತ್ರ ಅವಳು ತಲೆಕೆಳಗಾಗಿ ಇಟ್ಟಿದ್ದಳು. ಆ ವರ್ಷ ಆಡಿಟ್ ದಿನ ಅವಳಿಗೆ ಐದು ತಿಂಗಳು ತುಂಬಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹೊಟ್ಟೆಯೊಳಗೆ ಏನೋ ಹಿಂಡಿದಂತಾಯಿತು. ಆಗಿದ್ದ ಅಧಿಕಾರಿ, ಈಗ ಎದ್ದು ಹೋದರೆ ನಾಳೆ ಈ ಕುರ್ಚಿಯಲ್ಲಿ ಬೇರೆಯವರು ಇರುತ್ತಾರಮ್ಮ ಎಂದಿದ್ದ. ಅವಳು ಸಂಜೆ ಐದೂವರೆಯವರೆಗೆ ರಿಜಿಸ್ಟರು ಬರೆದು, ಸಹಿ ಹಾಕಿ, ಆಮೇಲೆ ಆಸ್ಪತ್ರೆಗೆ ಹೋದಳು. ಮಗು ಉಳಿಯಲಿಲ್ಲ. ಹಾಜರಿ ಉಳಿಯಿತು. ಮರುದಿನ ಭಾನುವಾರವಾದ್ದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಅಂಥ ಹೆಂಗಸಿನ ಮುಂದೆ, ಮೂಗು ಸೋರಿದರೆ ಮನೆಯಲ್ಲಿ ಕೂರುವವರು ನಕ್ಕಿದ್ದರು.

ನಗುವಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಮೂರು ದಿನದ ನಿಯಮಕ್ಕೆ ವಿಶ್ವನಾಥ್ ಒಪ್ಪಿದರು. ಅದರ ಹಿಂದೆಯೇ ಏಪ್ರಿಲ್‌ನಿಂದ ಕಲ್ಯಾಣಾಧಿಕಾರಿ ಅನ್ನುವ ಹೊಸ ಹುದ್ದೆ ಬರುತ್ತದೆ ಎಂಬ ಸುದ್ದಿ ಬಂತು. ಕಾಯಿಲೆ, ಹೆರಿಗೆ, ರಜೆ ಎಲ್ಲವನ್ನೂ ನೋಡಿಕೊಳ್ಳುವ ಹುದ್ದೆ. ಅದು ತನ್ನದೇ ಎಂದು ಸುಕನ್ಯ ಹತ್ತು ವರ್ಷದಿಂದ ಅಂದುಕೊಂಡಿದ್ದಳು. ವಿಶ್ವನಾಥ್ ಗದಗಿನ ಕಡೆಯವರು. ಅಲ್ಲಿಯ ಮಾತಿನಲ್ಲೇ, ಮೆತ್ತಗೆ ಹೇಳಿದರು: "ನೋಡ್ರಿ ಸುಕನ್ಯಾ ಅವರ, ರಾಧಾಮಣಿ ಅಂಚೆ ಮೂಲಕ ಬಿ.ಎ. ಮುಗಿಸ್ಯಾಳ. ಹೆಣ್ಣುಮಕ್ಕಳು ಆಕಿ ಮುಂದ ಮನಸ್ಸು ಬಿಚ್ಚತಾರ. ನಿಮ್ಮ ಮುಂದ ಬರೂದಕ್ಕ ಅಂಜತಾರ."

ಸುಕನ್ಯ ಸರಿ ಸರ್ ಎಂದು ಫೈಲು ಎತ್ತಿಕೊಂಡು ಬಂದಳು.

ಫೆಬ್ರವರಿಯ ಒಂದು ಗುರುವಾರ ರಾಧಾಮಣಿ ಬರಲಿಲ್ಲ. ಸೂಪರ್‌ವೈಸರ್ ಮಂಜೇಶ್‌ಗೆ ಫೋನು ಮಾಡಿ, ಮೈ ಸರಿಯಿಲ್ಲ, ಎರಡು ಮೂರು ದಿನ ಬರಲ್ಲ ಎಂದಷ್ಟೇ ಹೇಳಿದ್ದಳು. ಅವಳೇ ಕೇಳಿ ತರಿಸಿಕೊಂಡ ನಿಯಮ, ಮೊದಲು ಬಳಸಿದವಳೂ ಅವಳೇ. ಸುಳ್ಳೇ ಇರಬೇಕು ಎಂದು ಸುಕನ್ಯಳಿಗೆ ಅನಿಸಿತು. ಎಲ್ಲೋ ಮದುವೆಗೋ ಸೀಮಂತಕ್ಕೋ ಹೋಗಿರುತ್ತಾಳೆ. ಕಣ್ಣಾರೆ ನೋಡಿ ಬರೋಣವೆಂದು ಭಾನುವಾರ ತಾಯಿಗೆ ಗುಡಿಗೆ ಹೋಗಿ ಬರುತ್ತೇನೆ ಎಂದು ಹೇಳಿ, ಕೆಜಿಎಫ್ ಬಸ್ಸು ಹತ್ತಿದಳು.

ರಾಧಾಮಣಿಯ ಮನೆಯಿದ್ದ ನಂದಿದುರ್ಗದ ಗಣಿ ಲೈನುಗಳಲ್ಲಿ, ಹಳೆಯ ಗಣಿ ಕಾರ್ಮಿಕರ ಆ ಮನೆಸಾಲುಗಳಲ್ಲಿ, ಆ ಹೊತ್ತು ಜನವಿರಲಿಲ್ಲ. ಅರ್ಧ ಜನ ಚರ್ಚಿಗೆ, ಉಳಿದರ್ಧ ಮಾಂಸದ ಅಂಗಡಿಯ ಮುಂದೆ. ಚಿನ್ನ ತೆಗೆದು ಉಳಿದದ್ದನ್ನು ಸುರಿದ ಸೈನೈಡ್ ದಿಬ್ಬದ ಬೂದುಬಣ್ಣದ ಮಣ್ಣು ಗಾಳಿಗೆ ಎದ್ದು ಬಿಸಿಲನ್ನು ಮಂಕು ಮಾಡಿತ್ತು. ಸುಕನ್ಯ ತಲೆಯ ಮೇಲೆ ಸೆರಗು ಹೊದ್ದು, ಒಂದಕ್ಕೊಂದು ಅಂಟಿದ ಪುಟ್ಟ ಮನೆಗಳ ಸಾಲಿನಲ್ಲಿ ಮನೆ ನಂಬರು ಹುಡುಕುತ್ತಾ ನಡೆದಳು. ಕೊನೆಯ ಮನೆ. ಬಾಗಿಲಿಗೆ ಹಸಿ ಬೇವಿನಸೊಪ್ಪಿನ ಕಟ್ಟು.

ಅವಳು ಅಲ್ಲೇ ನಿಂತಳು. ಆಸ್ಪತ್ರೆಯವರು ಚಿಕನ್‌ಪಾಕ್ಸ್ ಅನ್ನುವುದನ್ನು ಈ ಕಡೆ ಯಾರೂ ಕಾಯಿಲೆ ಅನ್ನುವುದಿಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತಾರೆ. ಬೇವು ಕಟ್ಟಿದ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ಮನೆಯವರು ಡಾಕ್ಟರ ಹತ್ತಿರ ಹೋಗುವುದಿಲ್ಲ, ಮಾತ್ರೆ ಮುಟ್ಟುವುದಿಲ್ಲ. ತಲೆಗೆ ಮೂರು ಸಲ ನೀರು ಬೀಳುವವರೆಗೆ ರೋಗಿ ಹೊಸ್ತಿಲು ದಾಟುವಂತಿಲ್ಲ. ಅಂದರೆ ಎರಡು ವಾರ. ಅಂದರೆ ಡಾಕ್ಟರ ಚೀಟಿ ಇಲ್ಲ. ಇರಲು ಸಾಧ್ಯವೇ ಇಲ್ಲ.

ಮೂರು ದಿನ ಬಾಯಿಮಾತಿನ ರಜೆ. ಆಮೇಲೆ ಬರಹದಲ್ಲಿ ತಿಳಿಸದೆ ಎಂಟು ಕೆಲಸದ ದಿನ ಗೈರಾದರೆ ಕೆಲಸದ ಪಟ್ಟಿಯಿಂದ ಹೆಸರು ತೆಗೆಯಬಹುದು. ಆ ಎರಡು ಸಾಲುಗಳು ಅವಳಿಗೆ ಬಾಯಿಪಾಠ. ಅವೆರಡರ ನಡುವೆ ಒಬ್ಬ ಹೆಂಗಸು ಬೀಳುವಷ್ಟು ಜಾಗವಿದೆ ಎಂದು ಬೇವಿನ ಎಲೆಗಳನ್ನು ನೋಡುತ್ತಾ ನಿಂತಾಗ ಅವಳಿಗೆ ಹೊಳೆಯಿತು. ಬಾಗಿಲು ತಟ್ಟುವ ಮೊದಲು ಅವಳು ಮುಖದ ಮೇಲೆ ಒಂದು ಮೆದು ಭಾವ ತಂದುಕೊಂಡಳು.

"ಯಾರು?" ಒಳಗಿನಿಂದ ಕ್ಷೀಣ ದನಿ. ಬಾಗಿಲು ಬೆರಳಗಲ ತೆರೆಯಿತು. "ಅಯ್ಯೋ, ಮೇಡಮ್ಮಾ? ಬೇಡ, ಒಳಗೆ ಬರ್ಬೇಡಿ. ಅಮ್ಮ ಬಂದವ್ಳೆ. ನಿಮಗೂ ಅತ್ಕೊಂಡ್ರೆ?"

ಸುಕನ್ಯ ಎಡಹುಬ್ಬಿನ ಮೇಲಿದ್ದ ಅಕ್ಕಿಕಾಳಿನಷ್ಟು ಗುಳಿಯನ್ನು ಮುಟ್ಟಿ ತೋರಿಸಿದಳು. "ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ. ಗುರುತು ನೋಡು. ಒಂದು ಸಲ ಬಂದವರಿಗೆ ಮತ್ತೆ ಬರಲ್ಲ."

ಒಳಗೆ ಕತ್ತಲೆ, ಬೇವು ಮತ್ತು ಅರಿಸಿನದ ವಾಸನೆ. ರಾಧಾಮಣಿ ಚಾಪೆಯ ಮೇಲೆ ಹಾಸಿದ ಹಳೆಯ ಪಂಚೆಯ ಮೇಲೆ ಕುಳಿತಳು. ಮುಖ, ಕತ್ತು, ತೋಳು ತುಂಬಾ ನೀರು ತುಂಬಿದ ಗುಳ್ಳೆಗಳು. ಗಂಡ ಕಾಂತರಾಜ್‌ಗೆ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ, ಭಾನುವಾರವೂ ಬೆಳಗಿನ ರೈಲಿಗೆ ಹೋಗಿದ್ದ. ಅತ್ತೆ ಮೊಸರನ್ನ ತೆಗೆದುಕೊಂಡು ಮಾರಮ್ಮನ ಗುಡಿಗೆ ಹೋಗಿದ್ದಳು.

"ಮಗಳೆಲ್ಲಿ?"

"ಲಿಖಿತಾನ ಬೇತಮಂಗಲಕ್ಕೆ ಕಳಿಸ್ಬಿಟ್ಟೆ ಮೇಡಮ್, ನಮ್ಮಮ್ಮನ ಮನೆಗೆ. ಇಲ್ಲೇ ಇದ್ರೆ ಅವಳ್ಗೂ ಬಂದ್ಬಿಡ್ತದಲ್ಲ. ಫೋನೂ ಅವಳತ್ರನೇ ಅದೆ, ಸ್ಕೂಲ್ ಪಾಠ ಅದರಾಗೇ ಬರ್ತದೆ."

ಫೋನೂ ಇಲ್ಲ. ಸುಕನ್ಯ ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ರಾಧಾಮಣಿ ದೇವರ ಗೂಡಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು. ರಜೆ ಅರ್ಜಿ. ನಾಲ್ಕು ಮೂಲೆಗೂ ಅರಿಸಿನ ಮುಟ್ಟಿಸಿದ್ದಳು. ನಾಳೆ ಗಂಡನ ಕೈಯಲ್ಲಿ ಗೇಟಿಗೆ ಕಳಿಸಬೇಕೆಂದಿದ್ದೆ, ಅವರ ರೈಲು ತಪ್ಪುತ್ತದಲ್ಲ ಎಂದು ಯೋಚನೆಯಾಗಿತ್ತು ಎಂದಳು. "ಸರ್ಟಿಫಿಕೇಟ್ ಮಾತ್ರ ಇಲ್ಲ ಮೇಡಮ್. ಇದಕ್ಕೆಲ್ಲ ಡಾಕ್ಟ್ರ ಅತ್ರ ಓಗಂಗಿಲ್ಲ, ನಿಮಗೇ ಗೊತ್ತಲ್ಲ."

"ಅದೆಲ್ಲ ನಾನು ನೋಡಿಕೊಳ್ತೀನಿ. ಅರ್ಜಿ ನನಗೇ ಕೊಡು. ಮಂಜೇಶ್‌ಗೂ ನಾನೇ ಹೇಳ್ತೀನಿ. ಮೂರು ನೀರು ಬೀಳೋವರೆಗೂ ನೀನು ಯಾರಿಗೂ ಹೇಳಿ ಕಳಿಸೋದು ಬೇಡ, ಎದ್ದು ಓಡಾಡೋದು ಬೇಡ."

ರಾಧಾಮಣಿಯ ಕಣ್ಣು ತುಂಬಿ ಬಂತು. ಬೆನ್ನು ಉರಿಯುತ್ತಿತ್ತೇನೋ, ಅವಳು ಗೋಡೆಗೆ ಒರಗಲಾರದೆ ಹೊರಳಾಡುತ್ತಿದ್ದಳು. ಸುಕನ್ಯ ಪಕ್ಕದಲ್ಲಿದ್ದ ಬೇವಿನಸೊಪ್ಪಿನ ಗೊಂಚಲು ಎತ್ತಿಕೊಂಡು ಅವಳ ಬೆನ್ನಿಗೆ ಮೆಲ್ಲಗೆ ಗಾಳಿ ಹಾಕತೊಡಗಿದಳು. ಬೇಕೆಂದು ಮಾಡಿದ್ದಲ್ಲ. ಕೈ ತಾನೇ ಹೋಯಿತು. ಎಲೆಯ ತುದಿ ತಾಗಿದ ಕಡೆ ರಾಧಾಮಣಿಯ ಮೈ ಸಡಿಲವಾಯಿತು. ತನಗೆ ಹೀಗೆ ಯಾರೂ ಯಾವತ್ತೂ ಗಾಳಿ ಹಾಕಿದ್ದಿಲ್ಲ ಎಂದು ಸುಕನ್ಯಳಿಗೆ ನೆನಪಾಯಿತು. ಆಸ್ಪತ್ರೆಯ ಆ ಶನಿವಾರ ರಾತ್ರಿಯೂ ಇಲ್ಲ. ಅರ್ಧ ಗಂಟೆ ಹಾಗೇ ಕೂತಳು. ಅರ್ಜಿಯನ್ನು ನಿಜವಾಗಿಯೂ ಫೈಲಿಗೆ ಹಾಕಿಬಿಟ್ಟರೆ ಏನಾಗುತ್ತದೆ ಎಂದು ಒಂದು ಗಳಿಗೆ ಯೋಚಿಸಿದಳು ಕೂಡ.

"ಮೀಟಿಂಗಲ್ಲಿ ನಾನಂಗೆ ಆಡ್ಬಾರ್ದಾಗಿತ್ತು," ಎಂದಳು ರಾಧಾಮಣಿ, ಮುಖ ಆ ಕಡೆಗೇ ಇಟ್ಟುಕೊಂಡು. "ಆವತ್ತೇ ಅನಿಸ್ತು. ನಿಮ್ಮನ್ನ ನೋಡಿದ್ರೆ ನಮಗೆಲ್ಲಾ ಪಾಪ ಅನಿಸ್ತದೆ ಮೇಡಮ್."

ಬೇವಿನ ಗೊಂಚಲು ನಿಂತಿತು. ಪಾಪ. ನಗುವಿಗಿಂತ ಆ ಮಾತು ಆಳಕ್ಕೆ ಹೋಯಿತು. ಸುಕನ್ಯ ಅರ್ಜಿಯನ್ನು ಚೀಲದ ಒಳಖಾನೆಗೆ ಹಾಕಿ, ಜಿಪ್ ಎಳೆದು ಎದ್ದಳು.

ಮನೆಗೆ ಬಂದವಳೇ ಬಚ್ಚಲಮನೆಯ ನೀರೊಲೆ ಹಚ್ಚಿದಳು. ರಜೆ ಅರ್ಜಿ ಮೊದಲು ಹೋಯಿತು. ಅರಿಸಿನ ಹಚ್ಚಿದ ಮೂಲೆಗಳು ಒಂದು ಕ್ಷಣ ತಡೆದು ಉರಿದವು. ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ತಾಯಿ ಅಂಜನಮ್ಮ ಮೂಗು ಎತ್ತಿದಳು.

"ಏನ್ಲೇ ಸುಕನ್ಯಾ, ಬೇವಿನ ವಾಸ್ನೆ ಬತ್ತದೆ ನಿನ್ನತ್ರ. ನಿಮ್ಮಕ್ಕಂಗೆ ಅಮ್ಮ ಬಂದಾಗ ಮನೆಯೆಲ್ಲಾ ಇಂಗೇ ಗಮ್ ಅಂತಿತ್ತು. ನೀನಾವಾಗ ಬೂದಿಕೋಟೆನಾಗೆ..."

"ಗೊತ್ತು ಬಿಡಮ್ಮ," ಎಂದು ಸುಕನ್ಯ ಬಚ್ಚಲ ಬಾಗಿಲು ಹಾಕಿಕೊಂಡಳು. ಬೂದಿಕೋಟೆಯ ಅಜ್ಜಿ ಮನೆಯ ಕತೆ ತಾಯಿಗೆ ಎಲ್ಲಿಂದಲಾದರೂ ಶುರುವಾಗುತ್ತಿತ್ತು. ಹುಣಸೆಹಣ್ಣಿನಿಂದ, ಎಮ್ಮೆಯಿಂದ, ಬಸ್ಸಿನಿಂದ. ಅದರ ಕೊನೆ ಸುಕನ್ಯ ಒಂದು ಸಲವೂ ಕೇಳಿರಲಿಲ್ಲ. ಕೆಲಸಕ್ಕೆ ಹೋಗುವವರಿಗೆ ಅಷ್ಟು ಹೊತ್ತು ಎಲ್ಲಿರುತ್ತದೆ?

ಮುಂದಿನದ್ದು ಬರೀ ಕಾಗದದ ಕೆಲಸ. ಕಾಗದದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ರಾಧಾಮಣಿ ಎರಡು ವರ್ಷದ ಹಿಂದೆ ಬಂಗಾರಪೇಟೆಯ ಬಾಡಿಗೆ ಮನೆ ಬಿಟ್ಟು ನಂದಿದುರ್ಗಕ್ಕೆ ಹೋಗಿದ್ದಳು. ವಿಳಾಸ ಬದಲಾದ ಬಗ್ಗೆ ಅವಳು ಕೊಟ್ಟ ಕಾಗದ ಫೈಲಿನಲ್ಲಿತ್ತು. ಸೋಮವಾರ ಅದೂ ಚೀಲಕ್ಕೆ ಇಳಿಯಿತು, ಸಂಜೆ ನೀರೊಲೆಗೆ ಹೋಯಿತು. ಈಗ ದಾಖಲೆಯಲ್ಲಿ ಉಳಿದದ್ದು ಹಳೆಯ ವಿಳಾಸ. ಅಲ್ಲಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಹೋಯಿತು, ವಿಳಾಸದಾರರು ಇಲ್ಲ ಎಂಬ ಷರಾ ಹೊತ್ತು ಶುಕ್ರವಾರ ವಾಪಸು ಬಂತು. ಒಡೆಯದ ಆ ಲಕೋಟೆಯನ್ನು ಅವಳು ಹಾಗೇ ಫೈಲಿಗೆ ಚುಚ್ಚಿದಳು. ಒಡೆಯದ ಲಕೋಟೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಶನಿವಾರ ಕೆಲಸ ಬಿಟ್ಟ ಮೇಲೆ ಗೇಟಿನ ಕಾವಲುಗಾರ ವೆಂಕಟೇಶಪ್ಪನನ್ನು ಕರೆದುಕೊಂಡು ಆ ಹಳೆಯ ಮನೆಗೆ ಹೋದಳು. ಬೀಗ ಹಾಕಿತ್ತು. ಫೋಟೋ ತೆಗೆದು, ವೆಂಕಟೇಶಪ್ಪನ ಸಹಿ ತೆಗೆದುಕೊಂಡಳು.

"ಇಷ್ಟೆಲ್ಲಾ ಯಾರ್ ಮಾಡ್ತಾರಮ್ಮ," ಎಂದ ಅವನು ಮೆಚ್ಚುಗೆಯಿಂದ. "ಬೇರೇರಾಗಿದ್ರೆ ಎಸ್ರು ಒಡ್ದಾಕಿ ಕೂತಿರೋರು."

"ನ್ಯಾಯವಾಗಿ ಮಾಡಬೇಕಲ್ಲ ವೆಂಕಟೇಶಪ್ಪ," ಎಂದಳು ಸುಕನ್ಯ.

ಮಂಜೇಶ್ ಫೋನು ಮಾಡಿ ನೋಡಲಾ ಎಂದು ಕೇಳಿದ್ದ. ಫೋನಿನ ಮಾತು ದಾಖಲೆಯಾಗುವುದಿಲ್ಲ, ನೋಟಿಸು ಕಳಿಸಿದ್ದೇನೆ ಎಂದಳು. ಒಂದು ಕೆಲಸ ಕಡಿಮೆಯಾಯಿತೆಂದು ಅವನು ಹೋದ. ಎಂಟು ದಿನ ತುಂಬಿತು. ಬುಧವಾರ ಹೆಸರು ತೆಗೆಯುವ ಆದೇಶಕ್ಕೆ ವಿಶ್ವನಾಥ್ ಸಹಿ ಹಾಕಿದರು. ಹಾಕುವ ಮುನ್ನ ಪೆನ್ನನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದರು.

ಬಚ್ಚಿಡಬೇಕಾಗಿದ್ದದ್ದು ಒಂದೇ ಒಂದು, ಆ ಭಾನುವಾರ. ಅದಕ್ಕೂ ಅವಳು ತಯಾರಾಗಿದ್ದಳು. ರಾಧಾಮಣಿ ಬಂದು ಕೂಗಾಡುತ್ತಾಳೆ, ಮುಖದ ಮೇಲೆ ಕಲೆಗಳಿರುತ್ತವೆ. ಇರಲಿ. ಕಾಯಿಲೆ ಬಂದದ್ದು ತಪ್ಪಲ್ಲ, ತಿಳಿಸದೆ ಇದ್ದದ್ದು ತಪ್ಪು. ಅರ್ಜಿ ಕೊಟ್ಟೆ ಅನ್ನುತ್ತಾಳೆ. ಯಾರಿಗೆ, ಯಾವಾಗ, ನೋಡಿದವರು ಯಾರು? ಬೇವು ಕಟ್ಟಿದ ಮನೆಯೊಳಗೆ ಸಾಕ್ಷಿಗಳಿರುವುದಿಲ್ಲ.

ಶನಿವಾರ ಬೆಳಿಗ್ಗೆ, ಮೂರು ನೀರು ಮುಗಿಸಿ, ಹೂ ಮುಡಿದುಕೊಂಡು ರಾಧಾಮಣಿ ಕೆಲಸಕ್ಕೆ ಬಂದಳು. ಗೇಟಿನಲ್ಲಿ ವೆಂಕಟೇಶಪ್ಪ ಆದೇಶದ ಪ್ರತಿ ಕೊಟ್ಟ. ಅವಳು ಕೂಗಾಡಲಿಲ್ಲ. ಗೇಟಿನ ಹೊರಗಿನ ಹೊಂಗೆಮರದ ಕೆಳಗೆ ಸಂಜೆಯವರೆಗೆ ಕೂತಿದ್ದಳು. ಸುಕನ್ಯ ತನ್ನ ಕಿಟಕಿಯಿಂದ ಮೂರು ಸಲ ನೋಡಿದಳು. ಸಂಜೆ ಕಾರು ಹೊರಗೆ ಹೋಗುವಾಗ ವಿಶ್ವನಾಥ್ ನಿಲ್ಲಿಸಿ ಮಾತಾಡಿದರು. ಸೋಮವಾರ ಸುಕನ್ಯಳನ್ನು ಕರೆದು, "ಒಂದ್ಸಲ ಆಕಿ ಮಾತೂ ಕೇಳೂಣ್ರಿ. ನಾಳೆ ಹತ್ತಕ್ಕ ವಿಚಾರಣೆ ಇಡ್ರಿ. ನಿಮ್ಮ ಹೇಳಿಕೆ ಬರದು ಕೊಡ್ರಿ," ಎಂದರು.

ಅವಳು ತನ್ನ ದುಂಡು ಅಕ್ಷರದಲ್ಲಿ ಬರೆದಳು. ರಜೆಗೆ ಹೋದ ದಿನದಿಂದ ಇಂದಿನವರೆಗೆ ನಾನು ಸದರಿ ರಾಧಾಮಣಿಯವರನ್ನು ಭೇಟಿ ಮಾಡಿರುವುದಿಲ್ಲ, ಅವರ ಮನೆಗೆ ಹೋಗಿರುವುದಿಲ್ಲ. ಈ ಅವಧಿಯಲ್ಲಿ ನನ್ನ ಮನೆ ಮತ್ತು ಕಾರ್ಖಾನೆ ಕೆಲಸ ಬಿಟ್ಟು ಬೇರೆಲ್ಲೂ ಹೋಗಿರುವುದಿಲ್ಲ. ಪ್ರಥಮ ಚಿಕಿತ್ಸೆಯ ಪುಸ್ತಕದ ಪ್ರಕಾರ ಈ ವರ್ಷ ಕಾರ್ಖಾನೆಯಲ್ಲಿ ಅಥವಾ ಕಾರ್ಮಿಕರ ಮನೆಗಳಲ್ಲಿ ಇಂಥ ಕಾಯಿಲೆ ಒಂದೂ ವರದಿಯಾಗಿರುವುದಿಲ್ಲ, ಆದ್ದರಿಂದ ತಿಳಿದುಕೊಳ್ಳಲು ನಮಗೆ ದಾರಿಯಿರಲಿಲ್ಲ. ಕೊನೆಯ ಸಾಲು ಅಗತ್ಯವಿರಲಿಲ್ಲ. ಆದರೆ ಓದಲು ಚೆನ್ನಾಗಿತ್ತು.

ಮಂಗಳವಾರ ಬೆಳಿಗ್ಗೆ ಏಳುವಾಗ ಅವಳ ಸೊಂಟ ಬಿಗಿದಿತ್ತು, ತಲೆ ಭಾರ. ಕಾಫಿ ಕೊಡಲು ಬಂದ ಅಂಜನಮ್ಮ ಕತ್ತಿಗೆ ಕೈಯಿಟ್ಟು ನೋಡಿದಳು.

"ಮೈ ಕಾದ್ಬಿಟ್ಟದಲ್ಲೇ. ಒಂದಿನ ರಜಾ ಆಕು. ಕಾರ್ಖಾನೆ ಎಲ್ಲೂ ಓಡೋಗಲ್ಲ."

"ಇವತ್ತಂತೂ ಆಗಲ್ಲ."

"ಯಾವತ್ತಾಯ್ತದೆ ನಿನಗೆ? ಚಿಕ್ಕೋಳಿದ್ದಾಗ್ಲೂ ಇಂಗೇ ನೀನು, ಬೂದಿಕೋಟೆನಾಗೆ ಅಜ್ಜಿ ಎಷ್ಟೇಳಿದ್ರೂ ಕೇಳ್ದೆ ಆ ಎಮ್ಮೆ ಅತ್ರ..."

ಸುಕನ್ಯ ಎರಡು ಜ್ವರದ ಮಾತ್ರೆ ನುಂಗಿ, ಏಳೂ ನಲವತ್ತರ ಬಸ್ಸಿಗೆ ಹೊರಟಾಗಿತ್ತು.

ಮ್ಯಾನೇಜರ್ ಕೋಣೆಯಲ್ಲಿ ಐದು ಜನ. ವಿಶ್ವನಾಥ್, ಮಂಜೇಶ್, ಸುಕನ್ಯ, ರಾಧಾಮಣಿ, ಮತ್ತು ಕಾರ್ಖಾನೆಯ ನರ್ಸ್ ಸಿಂಧು, ವಿಚಾರಣೆಯಲ್ಲಿ ಇನ್ನೊಬ್ಬ ಹೆಂಗಸಿರಲಿ ಎಂದು ಕರೆಸಿದ್ದು. ಫ್ಯಾನು ತಿರುಗುತ್ತಿದ್ದರೂ ಸುಕನ್ಯಳಿಗೆ ಸೆಕೆ. ಕುತ್ತಿಗೆಯ ಸುತ್ತ ಸೆರಗು ಹೊದ್ದು ನೇರವಾಗಿ ಕೂತಿದ್ದಳು. ವಿಶ್ವನಾಥ್ ಅವಳ ಹೇಳಿಕೆಯನ್ನು ಗಟ್ಟಿಯಾಗಿ ಓದಿ, ಏನು ಹೇಳುತ್ತೀಯಮ್ಮ ಎಂದು ರಾಧಾಮಣಿಯನ್ನು ಕೇಳಿದರು.

"ಮೇಡಮ್ ನಮ್ಮನೆಗೆ ಬಂದಿದ್ರು ಸರ್. ನಾಕನೇ ದಿನ, ಭಾನ್ವಾರ. ಅರ್ಜಿ ಅವರ ಕೈಗೇ ಕೊಟ್ಟೆ."

"ನೋಡಿದವರು ಯಾರಾರ ಅದಾರೇನು?"

"ಯಾರೂ ಇಲ್ಲ ಸರ್. ಅರ್ಧ ಗಂಟೆ ನನ್ನ ಪಕ್ಕದಲ್ಲೇ ಕೂತಿದ್ರು. ಬೇವಿನಸೊಪ್ಪಲ್ಲಿ ಬೆನ್ನಿಗೆ ಗಾಳಿ ಆಕಿದ್ರು."

ಮಂಜೇಶ್‌ಗೆ ತಡೆಯಲಾಗಲಿಲ್ಲ. "ಸುಕನ್ಯ ಮೇಡಮ್ಮಾ? ಗಾಳಿ ಆಕಿದ್ರಾ?" ಎಂದು ನಕ್ಕುಬಿಟ್ಟ. ಸಿಂಧು ಕೂಡ ತುಟಿ ಕಚ್ಚಿ ತಲೆ ತಗ್ಗಿಸಿದಳು. ಆ ನಗುವನ್ನು ಸುಕನ್ಯ ಈ ಸಲ ಸುಮ್ಮನೆ ಕೇಳಿಸಿಕೊಂಡಳು. ಕಲ್ಲಿನಂಥ ಹೆಂಗಸು ಎಂದು ಹತ್ತೊಂಬತ್ತು ವರ್ಷ ಆಡಿಕೊಂಡವರೇ ಈಗ ಅವಳ ಸಾಕ್ಷಿಗಳು.

ರಾಧಾಮಣಿ ಯಾರ ಮುಖವನ್ನೂ ನೋಡಲಿಲ್ಲ. "ನಾ ಸುಳ್ಳೇಳ್ತಿಲ್ಲ ಸರ್. ಈ ಕೆಲಸ ಓದ್ರೆ ನಮ್ಮನೇಲಿ ಒಲೆ ಅರ್ಧ ಆರ್ದಂಗೆ. ಅದಕ್ಕಂತ ಸುಳ್ಳೇಳಲ್ಲ."

"ಅಲ್ಲಮ್ಮಾ, ಕಾಗದ ಎಲ್ಲಾ ಆ ಕಡೆನ ಅದಾವ," ಎಂದರು ವಿಶ್ವನಾಥ್ ನೋವಿನಿಂದ. "ಒಬ್ಬರಿಗೊಂದು ನ್ಯಾಯ ಮಾಡಿದರ ನಾಳೆ ನಾನೂರು ಮಂದಿಗೆ ನಾ ಏನು ಹೇಳಲಿ?" ಆದೇಶ ಖಾಯಂ ಮಾಡುವ ಹಾಳೆಯನ್ನು ಹತ್ತಿರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

ಮಾತ್ರೆಯ ಬಲ ಇಳಿದು ಬೆವರು ಬಿಟ್ಟಿತು. ಸುಕನ್ಯ ಸೆರಗು ಸಡಿಲಿಸಿ ಕತ್ತು ಒರೆಸಿಕೊಂಡಳು. ಕಿವಿಯ ಕೆಳಗೆ ಸಣ್ಣಗೆ ತುರಿಸುತ್ತಿತ್ತು.

ರಾಧಾಮಣಿ ಅವಳನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖದ ಮೇಲಿದ್ದ ಸೋಲು ಕರಗಿ, ಬೇರೇನೋ ಬಂತು. ಕುರ್ಚಿಯಿಂದ ಎದ್ದಳು, ಚಪ್ಪಲಿ ಬಿಟ್ಟಳು, ಎರಡೂ ಕೈ ಜೋಡಿಸಿದಳು. ಸುಕನ್ಯಳಿಗಲ್ಲ, ಅವಳ ಕತ್ತಿನಲ್ಲಿ ಎದ್ದಿದ್ದವಳಿಗೆ.

"ತಾಯೀ," ಎಂದಳು ಮೆಲ್ಲಗೆ. "ಇಲ್ಲಿಗೂ ಬಂದ್ಯಾ."

ಸಿಂಧು ಹತ್ತಿರ ಬಂದು ಸುಕನ್ಯಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಕಿವಿಯ ಕೆಳಗೆ ನಾಲ್ಕು, ಕತ್ತಿನ ಹಿಂದೆ ಆರು, ತೋಳಿನ ಒಳಗೆ ಮೂರು. ಒಂದೆರಡರಲ್ಲಿ ಆಗಲೇ ನೀರು. "ಚಿಕನ್‌ಪಾಕ್ಸ್ ಸರ್. ಇವತ್ತೇ ಎದ್ದಿದೆ." ಅವಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಯಾವ ಉದ್ದೇಶವೂ ಇಲ್ಲದೆ, ಕಲಿತದ್ದನ್ನು ಒಪ್ಪಿಸುವವಳಂತೆ ಬೆರಳಿಟ್ಟು ಹಿಂದಕ್ಕೆ ಎಣಿಸಿದಳು. "ಅಂಟಿದ ಮೇಲೆ ಮೈಮೇಲೆ ಕಾಣೋಕೆ ಸುಮಾರು ಎರಡು ವಾರ ಬೇಕು. ಹದಿನಾಲ್ಕು, ಹದಿನೈದು, ಹದಿನಾರು..." ಬೆರಳು ಕೆಂಪು ಅಂಕಿಯ ಮೇಲೆ ನಿಂತಿತು. ಆ ಭಾನುವಾರ. ವಿಶ್ವನಾಥ್ ಮೇಜಿನ ಮೇಲಿದ್ದ ದುಂಡು ಅಕ್ಷರದ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡರು. ಮನೆ, ಕಾರ್ಖಾನೆ ಬಿಟ್ಟು ಬೇರೆಲ್ಲೂ ಹೋಗಿಲ್ಲ. ಕಾಯಿಲೆ ಬೇರೆಲ್ಲೂ ವರದಿಯಾಗಿಲ್ಲ.

"ಇದು ಬೆವರುಗುಳ್ಳೆ," ಎಂದಳು ಸುಕನ್ಯ. ದನಿ ಗಟ್ಟಿಯಾಗಿಯೇ ಇತ್ತು. "ನನಗೆ ಬರೋದಕ್ಕೆ ಸಾಧ್ಯವೇ ಇಲ್ಲ. ಚಿಕ್ಕಂದಿನಲ್ಲೇ ಬಂದು ಹೋಗಿದೆ, ಇಲ್ಲಿ ನೋಡಿ ಗುರುತು."

"ನಮ್ಮನೇಲೂ ಇದನ್ನೇ ಅಂದ್ರಿ ಮೇಡಮ್," ಎಂದಳು ರಾಧಾಮಣಿ. "ಇಂಗೇ ಉಬ್ಬು ಮುಟ್ಟಿ ತೋರ್ಸಿದ್ರಿ."

"ಬೇಕಿದ್ದರೆ ನಮ್ಮಮ್ಮನ್ನೇ ಕೇಳಿ." ಸುಕನ್ಯ ತಾನೇ ಫೋನು ಒತ್ತಿದಳು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ನಡುವೆ, ಆ ಹಾಳೆಯ ಪಕ್ಕ ಇಟ್ಟಳು. "ಅಮ್ಮಾ, ಸಣ್ಣವಳಿದ್ದಾಗ ನನಗೆ ಅಮ್ಮ ಬಂದಿತ್ತಲ್ಲ, ಹುಬ್ಬಿನ ಮೇಲೆ ಗುರುತಿದೆಯಲ್ಲ, ಹೇಳು."

"ನಿನಗೆಲ್ಲೇ ಬಂದಿತ್ತು?" ಅಂಜನಮ್ಮನ ದನಿ ಕೋಣೆ ತುಂಬಿತು. "ಅದನ್ನೇ ಅಲ್ವಾ ಏಳಕ್ಕೋದ್ರೆ ನೀನು ಎದ್ದೋಗ್ತೀಯ. ಬಂದಿದ್ದು ನಿಮ್ಮಕ್ಕಂಗೆ. ನಿನಗೂ ಅತ್ಕೊಂಡಾತು ಅಂತ ಆವತ್ತೇ ನಿನ್ನ ಬೂದಿಕೋಟೆಗೆ ಸಾಗಿಸ್ಬಿಟ್ಟೆ. ಉಬ್ಬಿನ ಮೇಲಿಂದಾ? ಅದು ಅಜ್ಜಿ ಮನೆ ಎಮ್ಮೆಕರು ಗುದ್ದಿದ್ದು ಕಣೇ, ಕಲ್ಗಚ್ಚಿನ ಬಾನಿ ಅಂಚಿಗೆ ಬಿದ್ದೆ, ರಕ್ತ ಅಂದ್ರೆ ರಕ್ತ. ನಿನ್ನ ಮೈಗೆ ಇವತ್ತಿನವರ್ಗೂ ಅಮ್ಮ ಬಂದೇ ಇಲ್ಲ. ಅದಕ್ಕೇ ಬೆಳಗ್ಗೆ ಬಡ್ಕೊಂಡೆ, ಒಂದಿನ ರಜಾ ಆಕ್ಕೊಂಡು ಮನೇಲಿರು, ಯಾರ್ ಕಣ್ಗೂ ಬೀಳ್ದೆ ಮಲಗಿರು ಅಂತ..." ತಾಯಿ ಹೇಳುತ್ತಲೇ ಹೋದಳು. ಹೊರಗೆ ಟೀ ಗಂಟೆ ಹೊಡೆಯಿತು. ವಿಶ್ವನಾಥ್ ಪೆನ್ನಿನ ಮುಚ್ಚಳ ಹಾಕಿದರು. ಬೂದಿಕೋಟೆಯ ಆ ಕತೆಯನ್ನು ಇವತ್ತು ಯಾರೂ ನಡುವೆ ತಡೆಯಲಿಲ್ಲ.